ಒಂದೇ ರೈಫಲ್, ರಾಜ್ಯಕ್ಕೊಂದು ಕಾನೂನು: ಅಮೆರಿಕದಲ್ಲಿ ಸೆಮಿ-ಆಟೊಮ್ಯಾಟಿಕ್ ಬಂದೂಕು ಕೊಳ್ಳುವ ನಿಯಮಗಳು

2019ರ ಜುಲೈ 28ರಂದು ಕ್ಯಾಲಿಫೋರ್ನಿಯಾದ ಗಿಲ್‌ರಾಯ್ ಊರಿನ ಬೆಳ್ಳುಳ್ಳಿ ಉತ್ಸವದಲ್ಲಿ 19ರ ಯುವಕನೊಬ್ಬ ಗುಂಡು ಹಾರಿಸಿ ಮೂವರನ್ನು ಕೊಂದ. ಸತ್ತವರಲ್ಲಿ ಆರು ವರ್ಷದ ಹುಡುಗನಿದ್ದ, ಹದಿಮೂರರ ಹುಡುಗಿಯಿದ್ದಳು. ಅವನ ಕೈಲಿದ್ದ ಎಕೆ ಮಾದರಿಯ ರೈಫಲನ್ನು ಕ್ಯಾಲಿಫೋರ್ನಿಯಾದ ಯಾವ ಅಂಗಡಿಯೂ ಮಾರುವಂತಿರಲಿಲ್ಲ. ಅವನು ಅದನ್ನು ಕೊಂಡದ್ದು ಪಕ್ಕದ ನೆವಾಡ ರಾಜ್ಯದ ಫ್ಯಾಲನ್‌ನಲ್ಲಿ, ಅದೇ ತಿಂಗಳ 9ರಂದು, ಲೈಸೆನ್ಸ್ ಇರುವ ಅಂಗಡಿಯಲ್ಲಿ. ಅಲ್ಲಿನ ಕಾನೂನಿನ ಪ್ರಕಾರ ಆ ಖರೀದಿಯಲ್ಲಿ ತಪ್ಪೇನೂ ಇರಲಿಲ್ಲ.

ರಾಜ್ಯಗಳ ನಡುವೆ ಚೆಕ್‌ಪೋಸ್ಟ್ ಇಲ್ಲದ ದೇಶದಲ್ಲಿ ಹೀಗಾಗುವುದು ಸಹಜ ಎಂದು ಇಲ್ಲಿಗೇ ಬಿಟ್ಟುಬಿಡುವವರೇ ಹೆಚ್ಚು. ಆದರೆ ಕ್ಯಾಲಿಫೋರ್ನಿಯಾ ನಿಷೇಧಿಸಿರುವುದಾದರೂ ಏನನ್ನು ಎಂದು ಕೇಳಿದರೆ ವಿಷಯ ಬೇರೆ ಕಡೆ ಹೊರಳುತ್ತದೆ. ಅದೇ ಗುಂಡು ಹಾರಿಸುವ, ಅಷ್ಟೇ ವೇಗದಲ್ಲಿ ಹಾರಿಸುವ ರೈಫಲ್ ಆ ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದ ಅಂಗಡಿಯಲ್ಲೂ ಸಿಗುತ್ತದೆ. ಹಿಡಿಯ ಆಕಾರ ಬೇರೆ ಇರುತ್ತದೆ, ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ಚಿಕ್ಕದಿರುತ್ತದೆ, ಅಷ್ಟೆ. ಮೂರೂವರೆ ದಶಕದಿಂದ ಈ ರಾಜ್ಯಗಳು ಬಂದೂಕನ್ನು ನಿಯಂತ್ರಿಸುತ್ತೇವೆಂದು ಹೊರಟು ಬಂದೂಕಿನ ವರ್ಣನೆಯನ್ನು ನಿಯಂತ್ರಿಸುತ್ತ ಬಂದಿವೆ. ವರ್ಣನೆ ಬದಲಾದಾಗಲೆಲ್ಲ ಕಾರ್ಖಾನೆ ಅದರ ಒಂದಿಂಚು ಆಚೆ ನಿಲ್ಲುವ ರೈಫಲ್ ಮಾಡಿದೆ. ಈಗ ಕೆಲವು ರಾಜ್ಯಗಳ ಗಮನ ರೈಫಲ್ ಬಿಟ್ಟು ಅದನ್ನು ಕೊಳ್ಳುವವನ ಕಡೆ ತಿರುಗಿದೆ. ಸದ್ಯದ ಜಗಳದಲ್ಲಿ ನಿಜಕ್ಕೂ ಹೊಸದು ಏನಾದರೂ ಇದ್ದರೆ ಇದೇ.

ಮೊದಲು ಯಂತ್ರದ ವಿಷಯ. ಸೆಮಿ-ಆಟೊಮ್ಯಾಟಿಕ್‌ನಲ್ಲಿ ಟ್ರಿಗರನ್ನು ಒಮ್ಮೆ ಎಳೆದರೆ ಒಂದೇ ಗುಂಡು. ಹಾರಿದ ಗುಂಡಿನ ಹಿಂದಿನ ಅನಿಲದ ಒತ್ತಡವೋ, ಹಿನ್ನೊದೆತವೋ ಬೋಲ್ಟನ್ನು ಹಿಂದಕ್ಕೆ ತಳ್ಳಿ, ಖಾಲಿ ತೋಟೆಯನ್ನು ಹೊರಗೆಸೆದು, ಮ್ಯಾಗಜಿನ್‌ನಿಂದ ಮುಂದಿನದನ್ನು ತಾನಾಗಿ ಏರಿಸುತ್ತದೆ. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತೂ ಗುಂಡು ಸುರಿಸುವ ಮೆಷಿನ್ ಗನ್ ಬೇರೆ. ಅದರ ಮೇಲೆ 1934ರಿಂದ ಫೆಡರಲ್ (ಕೇಂದ್ರ ಸರ್ಕಾರದ) ನೋಂದಣಿ ಇದೆ, 1986ರ ಮೇ 19ರ ನಂತರ ನೋಂದಣಿಯಾದ ಹೊಸದೊಂದನ್ನೂ ಜನಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲ. ಹಾಗಾಗಿ ರಾಜ್ಯಗಳಲ್ಲಿ ನಡೆಯುತ್ತಿರುವ ಜಗಳವೆಲ್ಲ ಸೆಮಿ-ಆಟೊಮ್ಯಾಟಿಕ್ ಸುತ್ತಲೇ. ತೊಡಕೂ ಇಲ್ಲೇ ಇದೆ. ಜಿಂಕೆ ಬೇಟೆಯ ರೈಫಲ್‌ಗಳಲ್ಲಿ, ಮಕ್ಕಳಿಗೆ ಗುರಿ ಕಲಿಸುವ .22 ರೈಫಲ್‌ಗಳಲ್ಲಿ ಎಷ್ಟೋ ಇದೇ ತತ್ವದ ಮೇಲೆ ಕೆಲಸ ಮಾಡುತ್ತವೆ. ಯಂತ್ರವನ್ನೇ ನಿಷೇಧಿಸಲು ಹೋದರೆ ಹಳ್ಳಿಗಾಡಿನ ಪ್ರತಿ ಬೇಟೆಗಾರನೂ ತಿರುಗಿಬೀಳುತ್ತಾನೆ. ಆ ಭಯಕ್ಕೇ ಶಾಸಕರು ‘ಸೈನ್ಯದ ಬಂದೂಕಿನಂತೆ ಕಾಣುವುದು’ ಯಾವುದು ಎಂದು ಗೆರೆ ಎಳೆಯಲು ಹೊರಟರು.

ವರ್ಣನೆಯ ಕಾನೂನು ಮತ್ತು ಅದರ ಬಿರುಕುಗಳು

ಮೊದಲ ಗೆರೆ ಎಳೆದದ್ದು ಕ್ಯಾಲಿಫೋರ್ನಿಯಾ. 1989ರ ಜನವರಿ 17ರಂದು ಸ್ಟಾಕ್‌ಟನ್ ಊರಿನ ಪ್ರಾಥಮಿಕ ಶಾಲೆಯ ಅಂಗಳದಲ್ಲಿ ಐದು ಮಕ್ಕಳು ಗುಂಡಿಗೆ ಬಲಿಯಾದ ಮೇಲೆ ಅದೇ ವರ್ಷ ರಾಬರ್ಟಿ-ರೂಸ್ ಕಾಯ್ದೆ ಬಂತು. ಅದರ ವಿಧಾನ ಸರಳ, ತಯಾರಕರು ಮತ್ತು ಮಾದರಿಗಳ ಹೆಸರಿನ ಪಟ್ಟಿ. ಹೆಸರಿನ ಪಟ್ಟಿಗೆ ಮದ್ದು ಹೆಸರು ಬದಲಿಸುವುದು. ಸೈನ್ಯದ ಎಂ16ರ ಸೆಮಿ-ಆಟೊಮ್ಯಾಟಿಕ್ ರೂಪವಾದ ಎಆರ್-15ರ ಹೆಸರು ಪಟ್ಟಿಗಳಲ್ಲಿ ಕಾಣಿಸಿಕೊಳ್ಳತೊಡಗಿದ ಆ ದಿನಗಳಲ್ಲೇ ಕೋಲ್ಟ್ ಕಂಪನಿಯ ಆ ಬಂದೂಕು ‘ಸ್ಪೋರ್ಟರ್’ ಆಗಿ ಅಂಗಡಿಗೆ ಬಂತು.

1994ರ ಸೆಪ್ಟೆಂಬರ್ 13ರಂದು ಜಾರಿಗೆ ಬಂದು ಸರಿಯಾಗಿ ಹತ್ತು ವರ್ಷಕ್ಕೆ ತೀರಿಹೋದ ಫೆಡರಲ್ ನಿಷೇಧ ಪಟ್ಟಿಯ ಜೊತೆಗೆ ಲಕ್ಷಣಗಳನ್ನೂ ಸೇರಿಸಿತು. ಕಳಚಬಹುದಾದ ಮ್ಯಾಗಜಿನ್ ಇದ್ದು, ಅದರ ಮೇಲೆ ಈ ಐದರಲ್ಲಿ ಎರಡಿದ್ದರೆ ನಿಷಿದ್ಧ: ಮಡಚುವ ಅಥವಾ ಉದ್ದ ಬದಲಿಸುವ ಸ್ಟಾಕ್ (ಭುಜಕ್ಕೆ ಒರಗಿಸುವ ಹಿಂಭಾಗ), ಪಿಸ್ತೂಲು ಹಿಡಿ, ಬಯೋನೆಟ್ ಕೊಂಡಿ, ಬೆಂಕಿಯ ಹೊಳಪು ಅಡಗಿಸುವ ಫ್ಲ್ಯಾಷ್ ಸಪ್ರೆಸರ್ ಅಥವಾ ಅದನ್ನು ಕೂಡಿಸುವ ತಿರುಪಿನ ಎಳೆ ಇರುವ ನಳಿಕೆ, ಗ್ರೆನೇಡ್ ಲಾಂಚರ್. ಕಾರ್ಖಾನೆಗಳು ಬಯೋನೆಟ್ ಕೊಂಡಿ ತೆಗೆದವು, ನಳಿಕೆಯ ತುದಿಯ ತಿರುಪಿನ ಎಳೆ ಕೆತ್ತುವುದನ್ನು ಬಿಟ್ಟವು, ಸ್ಟಾಕನ್ನು ಅಲ್ಲಾಡದಂತೆ ಕೂರಿಸಿದವು. ಪಿಸ್ತೂಲು ಹಿಡಿ ಒಂದು ಉಳಿಯಿತು. ಒಂದೇ ಲಕ್ಷಣ, ಆದ್ದರಿಂದ ಕಾನೂನುಬದ್ಧ. ಅದೇ ಕಾನೂನಿನಡಿ ನಿಷೇಧಕ್ಕೊಳಗಾದ ಪಿಸ್ತೂಲೊಂದರ ತಯಾರಕರು ಬದಲಿ ಮಾದರಿಗೆ ‘ಎಬಿ-10’ ಎಂದು ಹೆಸರಿಟ್ಟರು. ಎಬಿ ಎಂದರೆ ‘ಆಫ್ಟರ್ ಬ್ಯಾನ್’. ಶಾಸನಸಭೆಯನ್ನು ಇದಕ್ಕಿಂತ ನೇರವಾಗಿ ಅಣಕಿಸುವುದು ಕಷ್ಟ.

ಕನೆಕ್ಟಿಕಟ್ 1993ರಲ್ಲೇ ತನ್ನದೊಂದು ನಿಷೇಧ ತಂದಿತ್ತು. ಹಾಗಿದ್ದೂ 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳನ್ನೂ ಆರು ಹಿರಿಯರನ್ನೂ ಕೊಂದ ರೈಫಲ್ ಆಗಿನ ಕಾನೂನಿನ ಪ್ರಕಾರ ನಿಷಿದ್ಧ ವರ್ಗಕ್ಕೆ ಸೇರಿರಲಿಲ್ಲ. ಆಮೇಲೆ 2013ರಲ್ಲಿ ಕನೆಕ್ಟಿಕಟ್, ನ್ಯೂಯಾರ್ಕ್ ಎರಡೂ ‘ಎರಡು ಲಕ್ಷಣ’ವನ್ನು ‘ಒಂದು ಲಕ್ಷಣ’ಕ್ಕೆ ಇಳಿಸಿದವು. ಕ್ಯಾಲಿಫೋರ್ನಿಯಾ ಆ ಕೆಲಸವನ್ನು 2000ದಲ್ಲೇ ಮಾಡಿತ್ತು.

ಕ್ಯಾಲಿಫೋರ್ನಿಯಾದ ಕಥೆ ಸ್ವಲ್ಪ ಹತ್ತಿರದಿಂದ ನೋಡುವಂಥದ್ದು, ವರ್ಣನೆಯ ಕಾನೂನು ಎಲ್ಲಿ ಸೋರುತ್ತದೆ ಎಂಬುದು ಅಲ್ಲಿ ಚೆನ್ನಾಗಿ ಕಾಣುತ್ತದೆ. ನಿಷೇಧ ಇದ್ದದ್ದು ‘ಕಳಚಬಹುದಾದ ಮ್ಯಾಗಜಿನ್’ ಇರುವ ರೈಫಲ್‌ಗೆ. ಉಪಕರಣ ಬಳಸದೆ ತೆಗೆಯಲು ಬರುವುದು ಮಾತ್ರ ಕಳಚಬಹುದಾದದ್ದು ಎಂದು ನಿಯಮಾವಳಿ ಹೇಳಿತ್ತು, ಗುಂಡಿನ ತುದಿಯನ್ನೂ ಉಪಕರಣವೆಂದೇ ಒಪ್ಪಿತ್ತು. ಬೆರಳಿಗೆ ಸಿಗದ, ಗುಂಡಿನ ಚೂಪು ತುದಿಯಿಂದ ಒತ್ತಿದರೆ ಮ್ಯಾಗಜಿನ್ ಬಿಡುವ ಸಣ್ಣ ಗುಂಡಿಯೊಂದು ಮಾರುಕಟ್ಟೆಗೆ ಬಂತು: ಬುಲೆಟ್ ಬಟನ್. ಅದೊಂದನ್ನು ಹಾಕಿದರೆ ಪಿಸ್ತೂಲು ಹಿಡಿ, ಉದ್ದ ಬದಲಿಸುವ ಸ್ಟಾಕ್ ಎಲ್ಲವೂ ನಡೆಯುತ್ತಿತ್ತು. 2015ರ ಡಿಸೆಂಬರ್ 2ರಂದು ಸ್ಯಾನ್ ಬರ್ನಾರ್ಡಿನೊದಲ್ಲಿ 14 ಜನ ಸತ್ತ ಮೇಲೆ, 2016ರಲ್ಲಿ, ಈ ಕಿಂಡಿ ಮುಚ್ಚಿತು. ಈಗಿನ ನಿಯಮದಂತೆ ರೈಫಲಿನ ಒಡಲನ್ನು ಬಿಚ್ಚದೆ ಮ್ಯಾಗಜಿನ್ ಹೊರಬರಬಾರದು, ಆಗ ಮಾತ್ರ ಅದು ‘ಸ್ಥಿರ ಮ್ಯಾಗಜಿನ್’.

ಸ್ಥಿರ ಮ್ಯಾಗಜಿನ್ ಇಲ್ಲದ ಸೆಂಟರ್‌ಫೈರ್ (ತೋಟೆಯ ತಳದ ನಡುವಿಗೆ ಬಡಿದು ಹಾರಿಸುವ) ಸೆಮಿ-ಆಟೊಮ್ಯಾಟಿಕ್ ರೈಫಲ್‌ನಲ್ಲಿ ಇವುಗಳಲ್ಲಿ ಒಂದಿದ್ದರೂ ಅಪರಾಧ: ಕೆಳಕ್ಕೆ ಚಾಚಿದ ಪಿಸ್ತೂಲು ಹಿಡಿ, ಹೆಬ್ಬೆರಳು ತೂರುವ ತೂತಿನ ಸ್ಟಾಕ್, ಮಡಚುವ ಅಥವಾ ಉದ್ದ ಬದಲಿಸುವ ಸ್ಟಾಕ್, ಫ್ಲ್ಯಾಷ್ ಸಪ್ರೆಸರ್, ಮುಂದಿನ ಕೈಗೆ ಇನ್ನೊಂದು ಹಿಡಿ, ಗ್ರೆನೇಡ್ ಅಥವಾ ಫ್ಲೇರ್ ಲಾಂಚರ್. ಸೆಂಟರ್‌ಫೈರ್ ಸೆಮಿ-ಆಟೊಮ್ಯಾಟಿಕ್ ರೈಫಲಿನ ಒಟ್ಟು ಉದ್ದ 30 ಇಂಚಿಗಿಂತ ಕಡಿಮೆಯಿದ್ದರೂ, ಸ್ಥಿರ ಮ್ಯಾಗಜಿನ್ 10ಕ್ಕಿಂತ ಹೆಚ್ಚು ಗುಂಡು ಹಿಡಿಸಿದರೂ ಅಷ್ಟೇ. ಅಲ್ಲಿಗೆ ಕಾನೂನಿನೊಳಗೆ ಉಳಿಯಲು ದಾರಿ ಎರಡು. ‘ಫೀಚರ್‌ಲೆಸ್’ ರೈಫಲ್‌ನಲ್ಲಿ ಮ್ಯಾಗಜಿನ್ ಕಳಚಬಹುದು, ಆದರೆ ಹಿಡಿಯ ಹಿಂದೆ ಮೀನಿನ ರೆಕ್ಕೆಯಂಥ ಪ್ಲಾಸ್ಟಿಕ್ ಹಲಗೆ ಇದ್ದು ಹೆಬ್ಬೆರಳು ಸುತ್ತಿಕೊಳ್ಳದಂತೆ ತಡೆಯುತ್ತದೆ, ಸ್ಟಾಕನ್ನು ಪಿನ್ ಹೊಡೆದು ನಿಲ್ಲಿಸಿರುತ್ತಾರೆ, ನಳಿಕೆಯ ತುದಿಯಲ್ಲಿ ಹಿನ್ನೊದೆತ ತಗ್ಗಿಸುವ ಮಝಲ್ ಬ್ರೇಕ್ ಇರುತ್ತದೆ. ಎರಡನೆಯ ದಾರಿ ಸ್ಥಿರ ಮ್ಯಾಗಜಿನ್, ಮಿಕ್ಕೆಲ್ಲ ಲಕ್ಷಣಗಳ ಸಮೇತ.

ಜನ ಎಡವುವುದು ಸಣ್ಣ ಬಿಡಿಭಾಗಗಳಲ್ಲಿ. ಬ್ರೇಕ್ ಎಂದು ಕೊಂಡದ್ದು ಬ್ರೇಕೂ ಹೌದು, ಫ್ಲ್ಯಾಷ್ ಸಪ್ರೆಸರೂ ಹೌದು ಎಂಬ ಮಿಶ್ರ ಭಾಗವಾಗಿದ್ದರೆ ಅದು ಸಪ್ರೆಸರ್ ಲೆಕ್ಕಕ್ಕೇ ಹೋಗುತ್ತದೆ. ಪಿನ್ ಸಡಿಲವಾಗಿ ಸ್ಟಾಕ್ ಒಂದು ಮೆಟ್ಟಿಲು ಸರಿದರೂ ರೈಫಲ್ ನಿಷಿದ್ಧ ಪಟ್ಟಿಗೆ ಸೇರಿಬಿಡುತ್ತದೆ. ಇದಕ್ಕಿಂತ ವಿಚಿತ್ರವಾದದ್ದು ರಾಜ್ಯ ದಾಟಿದಾಗ ಆಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಪಾರಾಗುವ ದಾರಿಯಾದ ಮಝಲ್ ಬ್ರೇಕ್, ನ್ಯೂಯಾರ್ಕಿನ ಪಟ್ಟಿಯಲ್ಲಿ ನಿಷಿದ್ಧ ಲಕ್ಷಣ. ಸ್ಯಾನ್ ಹೋಸೆಯಲ್ಲಿ ಕಾನೂನಿಗೆ ತಕ್ಕಂತೆ ಜೋಡಿಸಿದ ರೈಫಲ್ ಆಲ್ಬನಿಯಲ್ಲಿ ಅಪರಾಧ. ಮೇರಿಲ್ಯಾಂಡಿನದು ಮತ್ತೂ ಬೇರೆ. ಅಲ್ಲಿನ 2013ರ ಕಾಯ್ದೆಯ ಪಟ್ಟಿ ಎಆರ್-15 ಹಾಗೂ ಅದರ ನಕಲುಗಳನ್ನು ನಿಷೇಧಿಸುತ್ತದೆ, ಆದರೆ ಕೋಲ್ಟ್‌ನ ದಪ್ಪ ನಳಿಕೆಯ ಸ್ಪೋರ್ಟರ್ ಎಚ್-ಬಾರ್ ಮಾದರಿಗೆ ವಿನಾಯಿತಿ. ಹೀಗಾಗಿ ಅದೇ ಎಆರ್-15ರ ದಪ್ಪ ನಳಿಕೆಯ ರೂಪ ಮೇರಿಲ್ಯಾಂಡಿನ ಅಂಗಡಿಗಳಲ್ಲಿ ಮಾರಾಟವಾಗುತ್ತದೆ. ದಪ್ಪ ನಳಿಕೆ ತೂಕ ಹೆಚ್ಚಿಸುತ್ತದೆ, ಬೇಗ ಕಾಯುವುದಿಲ್ಲ. ಅದರಿಂದ ಹೊರಟ ಗುಂಡು ಕಡಿಮೆ ಅಪಾಯದ್ದೇನೂ ಅಲ್ಲ.

ನ್ಯೂಯಾರ್ಕಿಗೆ ಇದರ ಬೆಲೆ ತಿಳಿದದ್ದು 2022ರ ಮೇ 14ರಂದು. ಬಫಲೊ ನಗರದ ಸೂಪರ್‌ಮಾರ್ಕೆಟ್ಟಿನಲ್ಲಿ 18ರ ಯುವಕ ಹತ್ತು ಮಂದಿ ಕರಿಯರನ್ನು ಕೊಂದ. ರೈಫಲನ್ನು ಆ ರಾಜ್ಯದಲ್ಲೇ, ಅಲ್ಲಿನ ಕಾನೂನಿಗೆ ಒಪ್ಪುವ ಮ್ಯಾಗಜಿನ್ ಬೀಗದೊಂದಿಗೆ ಕೊಂಡಿದ್ದ, ಆಮೇಲೆ ಬೀಗ ತೆಗೆದು ದೊಡ್ಡ ಮ್ಯಾಗಜಿನ್ ಹಾಕಿದ್ದ. ಕಾರ್ಖಾನೆ ಕೊಟ್ಟ ರೂಪದಲ್ಲೇ ಬಂದೂಕು ಉಳಿಯುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಕಾನೂನು ಕೊಂಡವನ ಮನೆಯ ಬಾಗಿಲವರೆಗೆ ಮಾತ್ರ ಕಾಯುತ್ತದೆ.

ಇಷ್ಟಾದರೂ ನಿಷೇಧಗಳು ನಿಂತಿಲ್ಲ, ಹೆಚ್ಚುತ್ತಲೇ ಇವೆ. 2025ರ ಕೊನೆಯ ಹೊತ್ತಿಗೆ ಕ್ಯಾಲಿಫೋರ್ನಿಯಾ, ಕನೆಕ್ಟಿಕಟ್, ಡೆಲವೇರ್, ಇಲಿನಾಯ್, ಮೇರಿಲ್ಯಾಂಡ್, ಮ್ಯಾಸಚೂಸೆಟ್ಸ್, ನ್ಯೂಜೆರ್ಸಿ, ನ್ಯೂಯಾರ್ಕ್, ವಾಷಿಂಗ್ಟನ್ ಮತ್ತು ರಾಜಧಾನಿ ಡಿ.ಸಿ.ಯಲ್ಲಿ ಇಂಥ ರೈಫಲ್‌ಗಳ ಮೇಲೆ ನಿಷೇಧವಿತ್ತು. ಹವಾಯಿಯ ನಿಷೇಧ ಪಿಸ್ತೂಲುಗಳಿಗೆ ಸೀಮಿತ. ರೋಡ್ ಐಲ್ಯಾಂಡ್ 2025ರ ಜೂನಿನಲ್ಲಿ ಕಾನೂನು ಮಾಡಿ 2026ರ ಜುಲೈ 1ರಿಂದ ಮಾರಾಟ ನಿಲ್ಲಿಸುವುದಾಗಿ ಹೇಳಿತು. ಇವುಗಳಲ್ಲಿ ‘ಇಟ್ಟುಕೊಳ್ಳುವುದು’ ಮತ್ತು ‘ಮಾರುವುದು’ ಬೇರೆ ಬೇರೆ ಎಂಬುದನ್ನು ಗಮನಿಸಬೇಕು. ವಾಷಿಂಗ್ಟನ್ 2023ರ ಏಪ್ರಿಲ್ 25ರಂದು ಮಾರಾಟ, ತಯಾರಿಕೆ, ಆಮದು ನಿಲ್ಲಿಸಿತು, ಮನೆಯಲ್ಲಿದ್ದದ್ದನ್ನು ಮುಟ್ಟಲಿಲ್ಲ. ಇಲಿನಾಯ್ 2023ರ ಜನವರಿ 10ರಂದು ನಿಷೇಧಿಸಿ, ಮೊದಲೇ ಇದ್ದವರು 2024ರ ಜನವರಿ 1ರೊಳಗೆ ರಾಜ್ಯ ಪೊಲೀಸರಿಗೆ ಘೋಷಣಾಪತ್ರ ಕೊಡಬೇಕೆಂದಿತು.

ಕೊಳ್ಳುವವನ ಕಾನೂನು

ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ನಿಯಮ ತೆಳು. ಲೈಸೆನ್ಸ್ ಇರುವ ವ್ಯಾಪಾರಿ 18 ತುಂಬಿದವನಿಗೆ ರೈಫಲ್ ಮಾರಬಹುದು, ಪಿಸ್ತೂಲಿಗೆ 21 ಆಗಿರಬೇಕು. ಕಾನೂನಿನ ಕಣ್ಣಿಗೆ ಎಆರ್-15ರ ‘ಬಂದೂಕು’ ಎಂದರೆ ಕ್ರಮಸಂಖ್ಯೆ ಕೊರೆದ ಕೆಳ ರಿಸೀವರ್ (ಟ್ರಿಗರ್ ಕೂರುವ ಒಡಲು) ಒಂದೇ. ನಳಿಕೆ, ಬೋಲ್ಟ್, ಸ್ಟಾಕ್‌ಗಳು ಫೆಡರಲ್ ಕಾನೂನಿನ ಮಟ್ಟಿಗೆ ಬರೀ ಬಿಡಿಭಾಗಗಳು, ಅಂಚೆಯಲ್ಲಿ ಮನೆಗೇ ಬರುತ್ತವೆ. ಬರಿಯ ರಿಸೀವರ್ ರೈಫಲೂ ಅಲ್ಲ, ಪಿಸ್ತೂಲೂ ಅಲ್ಲ, ‘ಇತರೆ’; ಅದಕ್ಕೇ 18ರ ಯುವಕನಿಗೆ ಪೂರ್ತಿ ರೈಫಲ್ ಸಿಗುತ್ತದೆ, ಅದರ ರಿಸೀವರ್ ಮಾತ್ರ ಅಂಗಡಿಯಲ್ಲಿ ಸಿಗುವುದಿಲ್ಲ.

ಅಂಗಡಿಯಲ್ಲಿ ನಡೆಯುವುದು ಹೀಗೆ. ಕೊಳ್ಳುವವನು ತಾನೇ ಫಾರ್ಮ್ 4473 ತುಂಬಬೇಕು. ಈಗಿನ ವಿಳಾಸವಿರುವ ಸರ್ಕಾರಿ ಗುರುತಿನ ಚೀಟಿ ಬೇಕು. ಮನೆ ಬದಲಿಸಿ ಲೈಸೆನ್ಸ್‌ನಲ್ಲಿ ವಿಳಾಸ ಬದಲಿಸದವರು ಇಲ್ಲೇ ವಾಪಸಾಗುತ್ತಾರೆ, ಇಲ್ಲವೇ ವಿಳಾಸಕ್ಕೆ ಇನ್ನೊಂದು ಸರ್ಕಾರಿ ದಾಖಲೆ ತರುತ್ತಾರೆ. ಪೂರ್ಣ ಹೆಸರು ಬೇಕು. ನಮ್ಮವರಂತೆ ಬರೀ ಇನಿಷಿಯಲ್ ಇರುವವರು ಆ ಅಕ್ಷರದ ನಂತರ ‘ಐಒ’ ಎಂದು, ನಡುವಿನ ಹೆಸರೇ ಇಲ್ಲದವರು ‘ಎನ್‌ಎಂಎನ್’ ಎಂದು ಬರೆಯಬೇಕು. ಈ ಬಂದೂಕು ನಿನಗೇ ತಾನೆ ಎಂಬ ಪ್ರಶ್ನೆ ಇದೆ. ಬೇರೆಯವರ ಪರವಾಗಿ ಅವರ ದುಡ್ಡಿನಲ್ಲಿ ಕೊಂಡು ‘ಹೌದು’ ಎಂದರೆ ಅದೇ ಒಂದು ಫೆಡರಲ್ ಅಪರಾಧ. ಗಾಂಜಾ ಬಳಕೆಯ ಪ್ರಶ್ನೆಯೂ ಇದೆ, ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧವಾಗಿದ್ದರೂ ಫೆಡರಲ್ ಮಟ್ಟದಲ್ಲಿ ಅಲ್ಲ ಎಂದು ಫಾರ್ಮಿನಲ್ಲೇ ಎಚ್ಚರಿಕೆ ಮುದ್ರಿಸಿದ್ದಾರೆ.

ನಂತರ ವ್ಯಾಪಾರಿ ಕೊಳ್ಳುವವನ ಹಿನ್ನೆಲೆ ಪರಿಶೀಲಿಸುವ ಎಫ್‌ಬಿಐನ ನಿಕ್ಸ್ ವ್ಯವಸ್ಥೆಗೆ (1998ರ ನವೆಂಬರ್ 30ರಿಂದ ಇದೆ), ಇಲ್ಲವೇ ರಾಜ್ಯದ್ದೇ ಕಚೇರಿಗೆ ವಿವರ ಕಳಿಸುತ್ತಾನೆ. ಉತ್ತರ ಮೂರರಲ್ಲೊಂದು: ಮುಂದುವರಿಸಿ, ತಡ, ಇಲ್ಲ. ‘ತಡ’ ಎಂದು ಬಂದು ಮೂರು ಕೆಲಸದ ದಿನ ಕಳೆದರೂ ಉತ್ತರ ಬಾರದಿದ್ದರೆ ವ್ಯಾಪಾರಿ ಮಾರಬಹುದು. ಕೊಳ್ಳುವವನಿಗೆ 21 ಆಗಿಲ್ಲದಿದ್ದರೆ, 2022ರ ಜೂನ್ 25ರ ಫೆಡರಲ್ ಕಾಯ್ದೆಯ ಪ್ರಕಾರ ಬಾಲಾಪರಾಧ ಹಾಗೂ ಮಾನಸಿಕ ಆರೋಗ್ಯದ ದಾಖಲೆ ನೋಡಲು ಹತ್ತು ಕೆಲಸದ ದಿನದವರೆಗೆ ತಡೆಯಬಹುದು. ಅರಿಜೋನ, ಕ್ಯಾಲಿಫೋರ್ನಿಯಾ, ನ್ಯೂಮೆಕ್ಸಿಕೊ, ಟೆಕ್ಸಾಸ್‌ಗಳಲ್ಲಿ ಐದು ಕೆಲಸದ ದಿನದೊಳಗೆ ಒಬ್ಬನೇ ಎರಡು ಅಥವಾ ಹೆಚ್ಚು ಇಂಥ ರೈಫಲ್ ಕೊಂಡರೆ ವ್ಯಾಪಾರಿ ವರದಿ ಕಳಿಸಬೇಕು, .22ಕ್ಕಿಂತ ದೊಡ್ಡ ಕ್ಯಾಲಿಬರ್ ಮತ್ತು ಕಳಚುವ ಮ್ಯಾಗಜಿನ್ ಇದ್ದರೆ ಮಾತ್ರ. ಒಂದೇ ರಾಜ್ಯದ ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಫೆಡರಲ್ ಕಾನೂನಿನಲ್ಲಿ ಯಾವ ಪರಿಶೀಲನೆಯೂ ಇಲ್ಲ.

ರಾಜ್ಯಗಳು ಇದರ ಮೇಲೆ ಪದರ ಕಟ್ಟಿವೆ. 2018ರ ಫೆಬ್ರವರಿ 14ರಂದು ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೂರೇ ವಾರದಲ್ಲಿ, ರಿಪಬ್ಲಿಕನ್ನರ ಕೈಲಿದ್ದ ಫ್ಲೋರಿಡಾ ಎಲ್ಲ ಬಂದೂಕಿನ ಖರೀದಿಗೂ 21 ವರ್ಷದ ಮಿತಿ ಹಾಕಿತು. 2025ರ ಮಾರ್ಚಿನಲ್ಲಿ 11ನೇ ಸರ್ಕಿಟ್ ನ್ಯಾಯಾಲಯದ (ಫೆಡರಲ್ ಮೇಲ್ಮನವಿ ನ್ಯಾಯಾಲಯ) ಪೂರ್ಣಪೀಠ ಅದನ್ನು ಎತ್ತಿಹಿಡಿಯಿತು. ಟೆಕ್ಸಾಸಿನಲ್ಲಿ ಹಾಗಾಗಲಿಲ್ಲ. ಉವಾಲ್ಡೆ ಶಾಲೆಯಲ್ಲಿ 2022ರ ಮೇ 24ರಂದು 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದವನು 18 ತುಂಬಿದ ವಾರದಲ್ಲೇ ಎರಡು ರೈಫಲ್ ಕೊಂಡಿದ್ದ. ಸೆಮಿ-ಆಟೊಮ್ಯಾಟಿಕ್‌ಗೆ 21ರ ಮಿತಿ ಹಾಕುವ ಮಸೂದೆ 2023ರಲ್ಲಿ ಸಮಿತಿ ದಾಟಿ, ಸದನಕ್ಕೆ ಬರದೆ ಸತ್ತಿತು. ವಾಷಿಂಗ್ಟನ್‌ನ ಮತದಾರರು 2018ರಲ್ಲಿ ಇನ್ನೂ ದಿಟ್ಟ ಹೆಜ್ಜೆ ಇಟ್ಟರು. ಲಕ್ಷಣಗಳ ಗೊಡವೆ ಬಿಟ್ಟು, ಎಲ್ಲ ಸೆಮಿ-ಆಟೊಮ್ಯಾಟಿಕ್ ರೈಫಲನ್ನೂ ಒಂದೇ ವರ್ಗಕ್ಕೆ ಸೇರಿಸಿ, 21 ವರ್ಷ, ಸುರಕ್ಷತಾ ತರಬೇತಿ ಮತ್ತು ಹತ್ತು ಕೆಲಸದ ದಿನದ ಕಾಯುವಿಕೆ ಹೇರಿದರು. ಬಫಲೊ ನಂತರ ನ್ಯೂಯಾರ್ಕ್ ಕೂಡ, 2022ರ ಸೆಪ್ಟೆಂಬರ್ 4ರಿಂದ, ಸೆಮಿ-ಆಟೊಮ್ಯಾಟಿಕ್ ರೈಫಲ್ ಕೊಳ್ಳಲು 21 ಆಗಿರಬೇಕು, ಲೈಸೆನ್ಸ್ ಇರಬೇಕು ಎಂದಿತು. ಮಿನೆಸೋಟದಲ್ಲಿ ಸೈನಿಕ ಶೈಲಿಯ ಸೆಮಿ-ಆಟೊಮ್ಯಾಟಿಕ್‌ಗೆ ಪೊಲೀಸರಿಂದ ಖರೀದಿ ಪರವಾನಗಿ ಬೇಕು.

ಕ್ಯಾಲಿಫೋರ್ನಿಯಾದಲ್ಲಿ ಎರಡೂ ಪದರ ಇವೆ. ಮೊದಲು 30 ಪ್ರಶ್ನೆಗಳ ಸುರಕ್ಷತಾ ಪರೀಕ್ಷೆ (23 ಸರಿ ಇರಬೇಕು, ಶುಲ್ಕ 25 ಡಾಲರ್, ಪ್ರಮಾಣಪತ್ರ ಐದು ವರ್ಷಕ್ಕೆ), ಆಮೇಲೆ ಅರ್ಜಿ, ಹತ್ತು ದಿನ ಕಾಯುವುದು. 2024ರ ಜುಲೈಯಿಂದ ಬೆಲೆಯ ಮೇಲೆ ಶೇ 11ರ ಅಬಕಾರಿ ತೆರಿಗೆ ಅಂಗಡಿಯವರ ಮೇಲೆ ಬಿದ್ದಿದೆ, ಅವರು ಅದನ್ನು ಗಿರಾಕಿಗೆ ದಾಟಿಸುತ್ತಾರೆ. ಬೇಟೆ ಲೈಸೆನ್ಸ್ ಇರುವ 18ರಿಂದ 20ರವರಿಗೆ ಇರುವ ರಿಯಾಯಿತಿ ಸೆಂಟರ್‌ಫೈರ್ ಸೆಮಿ-ಆಟೊಮ್ಯಾಟಿಕ್ ರೈಫಲ್‌ಗಿಲ್ಲ.

ಕೊಲರಾಡೊ: ನಿಷೇಧವಾಗಿ ಹುಟ್ಟಿ ಪರೀಕ್ಷೆಯಾಗಿ ಮುಗಿದ ಕಾನೂನು

2025ರ ಏಪ್ರಿಲ್ 10ರಂದು ಗವರ್ನರ್ ಜ್ಯಾರೆಡ್ ಪೋಲಿಸ್ ಸಹಿ ಹಾಕಿದ ಕೊಲರಾಡೊ ಕಾನೂನು ನನ್ನ ಲೆಕ್ಕದಲ್ಲಿ ಈ ದಶಕದ ಅತಿ ಕುತೂಹಲದ ಪ್ರಯೋಗ. ಇದನ್ನು ಮುಂದಿಟ್ಟವರಲ್ಲೊಬ್ಬರು ಸೆನೆಟರ್ ಟಾಮ್ ಸಲಿವನ್. 2012ರ ಜುಲೈ 20ರಂದು ಅರೋರಾ ಚಿತ್ರಮಂದಿರದಲ್ಲಿ ಸತ್ತ 12 ಮಂದಿಯಲ್ಲಿ ಅವರ ಮಗನೂ ಒಬ್ಬ. ಆ ಘಟನೆಯ ನಂತರ ರಾಜ್ಯ 2013ರಲ್ಲಿ 15ಕ್ಕಿಂತ ಹೆಚ್ಚು ಗುಂಡಿನ ಮ್ಯಾಗಜಿನ್ ಮಾರಾಟ ನಿಷೇಧಿಸಿತ್ತು, ಆದರೆ ದೊಡ್ಡ ಮ್ಯಾಗಜಿನ್‌ಗಳು ಒಂದಲ್ಲ ಒಂದು ರೂಪದಲ್ಲಿ ಸಿಗುತ್ತಲೇ ಇದ್ದವು. ಮ್ಯಾಗಜಿನ್ ತಡೆಯಲಾಗದಿದ್ದರೆ ಅದನ್ನು ಸಿಕ್ಕಿಸುವ ಬಂದೂಕನ್ನೇ ತಡೆಯೋಣ ಎಂಬುದು ಮೂಲ ಮಸೂದೆಯ ತರ್ಕ. ಕಳಚುವ ಮ್ಯಾಗಜಿನ್ ಇರುವ ಬಹುಪಾಲು ಸೆಮಿ-ಆಟೊಮ್ಯಾಟಿಕ್ ರೈಫಲ್‌ಗಳ ಜೊತೆಗೆ ಹಾರಿದ ಗುಂಡಿನ ಅನಿಲದ ಒತ್ತಡದಿಂದ ಮುಂದಿನದನ್ನು ಏರಿಸುವ ಪಿಸ್ತೂಲುಗಳ ಮಾರಾಟವೂ ನಿಲ್ಲಬೇಕಿತ್ತು. ಗವರ್ನರ್ ಅಷ್ಟಕ್ಕೆ ಒಪ್ಪುವ ಲಕ್ಷಣ ಕಾಣದೆ, ತರಬೇತಿ ಪಡೆದವರು ಕೊಳ್ಳಬಹುದು ಎಂಬ ಬಾಗಿಲು ಸೇರಿತು.

2026ರ ಆಗಸ್ಟ್ 1ರಿಂದ ಜಾರಿ ಎಂದು ನಿಗದಿಯಾದ ಕ್ರಮ ಇದು: ಕೌಂಟಿ ಶೆರಿಫ್ ಬಳಿ ಹಿನ್ನೆಲೆ ಪರಿಶೀಲನೆ ಮುಗಿಸಿ ಅರ್ಹತಾ ಕಾರ್ಡ್ ಪಡೆಯಬೇಕು. ಬೇಟೆ ಶಿಕ್ಷಣದ ಪ್ರಮಾಣಪತ್ರ ಇದ್ದವರಿಗೆ ನಾಲ್ಕು ಗಂಟೆಯ ಕೋರ್ಸ್, ಇಲ್ಲದವರಿಗೆ ಹನ್ನೆರಡು ಗಂಟೆಯದ್ದು, ಅದೂ ಒಂದೇ ದಿನದಲ್ಲಿ ಮುಗಿಸುವಂತಿಲ್ಲ. ಪಾಠ ಆನ್‌ಲೈನ್ ನಡೆಯದು, ಎದುರಿಗೆ ಕೂತೇ ಕಲಿಯಬೇಕು. ಕೊನೆಯ ಪರೀಕ್ಷೆಯಲ್ಲಿ ಶೇ 90 ಬರಬೇಕು. ಕಾರ್ಡ್ ಐದು ವರ್ಷಕ್ಕೆ. .22 ರಿಮ್‌ಫೈರ್ (ತೋಟೆಯ ಅಂಚಿಗೆ ಬಡಿದು ಹಾರಿಸುವ) ರೈಫಲ್‌ಗಳಿಗೂ, 15 ಮೀರದ ಶಾಶ್ವತ ಮ್ಯಾಗಜಿನ್ ಇರುವವಕ್ಕೂ ಇದು ಅನ್ವಯಿಸದು. ಈಗಾಗಲೇ ಮನೆಯಲ್ಲಿರುವುದಕ್ಕೂ ಇಲ್ಲ.

ಇಲ್ಲಿ ಪಿಸ್ತೂಲು ಹಿಡಿಯ ಆಕಾರ ಯಾರಿಗೂ ಬೇಕಿಲ್ಲ. ಯಂತ್ರ ಯಾವುದು, ಮ್ಯಾಗಜಿನ್ ಕಳಚುತ್ತದೆಯೇ, ಕೊಳ್ಳುವವನು ಯಾರು, ಇಷ್ಟೇ ಪ್ರಶ್ನೆ. ಪಿನ್ ಹೊಡೆದು, ರೆಕ್ಕೆ ಹಚ್ಚಿ ತಪ್ಪಿಸಿಕೊಳ್ಳುವಂಥದ್ದಲ್ಲ. ಇದಕ್ಕೂ ದೌರ್ಬಲ್ಯವಿದೆ. ಕೌಂಟಿಗೆ ಸಾಕಷ್ಟು ತರಬೇತುದಾರರು ಇಲ್ಲದಿದ್ದರೆ, ಶೆರಿಫ್‌ಗೆ ಮನಸ್ಸಿಲ್ಲದಿದ್ದರೆ, ಕಾರ್ಡ್ ಕಾಗದದಲ್ಲೇ ಉಳಿಯುತ್ತದೆ. ಎರಡು ದಿನ ರಜೆ ಹಾಕಲು, ಶುಲ್ಕ ಕಟ್ಟಲು ಆಗದವನಿಗೆ ಹಕ್ಕು ದುಬಾರಿಯಾಗುತ್ತದೆ ಎಂಬ ಆಕ್ಷೇಪದಲ್ಲೂ ಹುರುಳಿದೆ.

ಪರವಾನಗಿಯ ಕಾನೂನು ತಾನಾಗಿ ಕಾಯುತ್ತದೆ ಎಂದೂ ಅಲ್ಲ. ಇಲಿನಾಯ್‌ನಲ್ಲಿ ಬಂದೂಕು ಇಟ್ಟುಕೊಳ್ಳಲು ಫಾಯ್ಡ್ ಕಾರ್ಡ್ ಬೇಕೆಂಬ ನಿಯಮ ದಶಕಗಳಿಂದ ಇದೆ. 2022ರ ಜುಲೈ 4ರ ಮೆರವಣಿಗೆಯಲ್ಲಿ ಹೈಲ್ಯಾಂಡ್ ಪಾರ್ಕ್‌ನಲ್ಲಿ ಏಳು ಜನರನ್ನು ಕೊಂದವನ ಬಳಿಯೂ ಆ ಕಾರ್ಡ್ ಇತ್ತು. 21 ಆಗಿರದಿದ್ದಾಗ, 2019ರ ಡಿಸೆಂಬರಿನಲ್ಲಿ, ತಂದೆಯ ಸಹಿಯೊಂದಿಗೆ ಅರ್ಜಿ ಹಾಕಿದ್ದ. ಅದೇ ಸೆಪ್ಟೆಂಬರಿನಲ್ಲಿ ಮನೆಯವರನ್ನು ಕೊಲ್ಲುವೆನೆಂದು ಬೆದರಿಸಿದ್ದಕ್ಕೆ ಪೊಲೀಸರು ಅವನ ಚಾಕುಗಳನ್ನು ಒಯ್ದಿದ್ದರು. ಎರಡು ಕಡತಗಳೂ ಸರ್ಕಾರದ ಬಳಿಯೇ ಇದ್ದವು, ಒಂದನ್ನೊಂದು ತಡೆಯಲಿಲ್ಲ.

ಇಷ್ಟೆಲ್ಲ ಗದ್ದಲದ ನಡುವೆ ಒಂದು ಅಳತೆ ನೆನಪಿರಲಿ. 2020ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಆದ ಕೊಲೆಗಳ ಎಫ್‌ಬಿಐ ದಾಖಲೆಯಲ್ಲಿ ಪಿಸ್ತೂಲು-ರಿವಾಲ್ವರ್‌ಗಳ ಪಾಲು ಶೇ 59, ಎಲ್ಲ ಬಗೆಯ ರೈಫಲ್ ಸೇರಿ ಶೇ 3. ಮೂರರಲ್ಲೊಂದಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಬಂದೂಕು ಯಾವ ಬಗೆಯದೆಂದು ದಾಖಲಾಗಿರಲಿಲ್ಲ. ರೈಫಲ್ ಕಾನೂನುಗಳು ದಿನನಿತ್ಯದ ಕೊಲೆಯ ಲೆಕ್ಕ ಬದಲಿಸುವಂಥವಲ್ಲ. ಅವು ಗುರಿಯಿಟ್ಟಿರುವುದು ಶಾಲೆ, ಅಂಗಡಿ, ಜಾತ್ರೆಗಳಲ್ಲಿ ಕೆಲವೇ ನಿಮಿಷದಲ್ಲಿ ಹತ್ತಾರು ಹೆಣ ಬೀಳುವ ಪ್ರಕರಣಗಳಿಗೆ. ಅಲ್ಲಿ ಹಿಡಿಯ ಆಕಾರಕ್ಕಿಂತ ಮ್ಯಾಗಜಿನ್‌ನ ಗಾತ್ರ, ಹಿಡಿದವನ ವಯಸ್ಸು, ಕೊಳ್ಳುವ ಮುನ್ನ ಸಿಕ್ಕ ಕಾಲಾವಕಾಶ ಹೆಚ್ಚು ತೂಗುತ್ತವೆ ಎಂಬುದು ಈ ಪ್ರಕರಣಗಳನ್ನು ಒಂದೊಂದಾಗಿ ಓದಿದಾಗ ಬರುವ ಅಭಿಪ್ರಾಯ.

ನ್ಯಾಯಾಲಯದ ಅಂಗಳ

ಸುಪ್ರೀಂ ಕೋರ್ಟಿನ 2022ರ ಜೂನ್ 23ರ ಬ್ರೂಯೆನ್ ತೀರ್ಪಿನ ನಂತರ ಬಂದೂಕು ಕಾನೂನು ಉಳಿಯಬೇಕಾದರೆ ಅದಕ್ಕೆ ದೇಶದ ಇತಿಹಾಸದಲ್ಲಿ ಹೋಲಿಕೆ ಇರಬೇಕು. ರೈಫಲ್ ನಿಷೇಧದ ಪ್ರಕರಣಗಳಲ್ಲಿ ವಾದ ಒಂದೇ ಗಂಟಿನ ಸುತ್ತ ಸುತ್ತುತ್ತದೆ. ಜನ ‘ಸಾಮಾನ್ಯವಾಗಿ ಬಳಸುವ’ ಆಯುಧವನ್ನು ನಿಷೇಧಿಸುವಂತಿಲ್ಲ ಎನ್ನುವವರು ಬಂದೂಕು ಉದ್ಯಮದ ಸಂಘಟನೆ 2022ರಲ್ಲಿ ಕೊಟ್ಟ 2.4 ಕೋಟಿ ರೈಫಲ್‌ಗಳ ಅಂದಾಜು ಮುಂದಿಡುತ್ತಾರೆ. ಇದು ಸೈನ್ಯದ ಎಂ16ರ ತಮ್ಮ, ಆತ್ಮರಕ್ಷಣೆಯ ಆಯುಧವಲ್ಲ ಎಂದು ರಾಜ್ಯಗಳು ಹೇಳುತ್ತವೆ. ಏಳನೇ ಸರ್ಕಿಟ್ 2023ರ ನವೆಂಬರಿನಲ್ಲಿ ಇಲಿನಾಯ್ ಕಾನೂನಿಗೆ ತಡೆ ನೀಡಲು ಒಪ್ಪಲಿಲ್ಲ, ನಾಲ್ಕನೇ ಸರ್ಕಿಟ್‌ನ ಪೂರ್ಣಪೀಠ 2024ರ ಆಗಸ್ಟಿನಲ್ಲಿ ಮೇರಿಲ್ಯಾಂಡ್ ಕಾನೂನನ್ನು ಎತ್ತಿಹಿಡಿಯಿತು. ಆ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2025ರ ಜೂನ್ 2ರಂದು ಕೈಗೆತ್ತಿಕೊಳ್ಳಲಿಲ್ಲ. ನ್ಯಾಯಮೂರ್ತಿಗಳಾದ ಥಾಮಸ್, ಅಲಿಟೊ, ಗೋರ್ಸಚ್ ಮೂವರೂ ವಿಚಾರಣೆ ಬೇಕೆಂದಿದ್ದರು, ಬೇಕಾದದ್ದು ನಾಲ್ಕು ಮತ. ನಾಲ್ಕನೆಯವರಾಗಬಹುದಿದ್ದ ಕ್ಯಾವನಾ, ಒಂದೆರಡು ಅವಧಿಯಲ್ಲಿ ಈ ಪ್ರಶ್ನೆ ತೀರ್ಮಾನವಾಗಬೇಕು ಎಂದು ಪ್ರತ್ಯೇಕವಾಗಿ ಬರೆದರು. ನಿಷೇಧ ಬಿದ್ದುಹೋದರೂ ಪರವಾನಗಿ ಮತ್ತು ವಯಸ್ಸಿನ ನಿಯಮಗಳು ಬೇರೆ ಆಧಾರದ ಮೇಲೆ ನಿಂತಿವೆ. ಕೊಲರಾಡೊ ಮಾದರಿಯತ್ತ ಇತರರು ನೋಡುವುದಕ್ಕೆ ಇದೂ ಕಾರಣವಾಗಬಹುದು.

ಅಲ್ಲಿರುವ ಕನ್ನಡಿಗರಿಗೆ

ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಕೇಂದ್ರದ್ದು, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿ ವಿನಾಯಿತಿಯೂ ಕೇಂದ್ರದ ಅಧಿಸೂಚನೆಯಿಂದಲೇ ಬಂದದ್ದು. ಒಂದೇ ಕಾನೂನಿಗೆ ಒಗ್ಗಿದ ನಮ್ಮವರು ಅಲ್ಲಿ ವೀಸಾದ ವಿಷಯದಲ್ಲೇ ಮೊದಲು ಎಡವುತ್ತಾರೆ. ಎಚ್-1ಬಿ, ಎಲ್-1, ಎಚ್-4, ಎಫ್-1ನಂಥ ವಲಸೆಯೇತರ ವೀಸಾದವರು ಬಂದೂಕಾಗಲಿ ಗುಂಡಾಗಲಿ ಹೊಂದುವುದು ಫೆಡರಲ್ ಅಪರಾಧ, ಗರಿಷ್ಠ ಶಿಕ್ಷೆ 15 ವರ್ಷ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಲಾಸ್ ವೇಗಸ್‌ಗೆ ಗೆಳೆಯರೊಂದಿಗೆ ಹೋದಾಗ ಶೂಟಿಂಗ್ ರೇಂಜ್‌ನಲ್ಲಿ ಬಾಡಿಗೆ ರೈಫಲ್ ಹಿಡಿಯುವುದೂ ಕಾನೂನಿನ ದೃಷ್ಟಿಯಲ್ಲಿ ‘ಹೊಂದುವುದೇ’, ಫೋಟೊ ಫೇಸ್‌ಬುಕ್ಕಿಗೆ ಹೋಗುವ ಮೊದಲು ಇದು ಗೊತ್ತಿರಬೇಕು. ಬಂದೂಕಿನ ಅಪರಾಧ ಸಾಬೀತಾದರೆ ಗಡೀಪಾರಿಗೂ ಅದು ಸ್ವತಂತ್ರ ಕಾರಣ, ಗ್ರೀನ್ ಕಾರ್ಡ್ ಇದ್ದರೂ.

ಬೇಟೆ ಲೈಸೆನ್ಸ್ ಸಿಕ್ಕರೂ ರಾಜ್ಯದ ಪದರ ಉಳಿದೇ ಇದೆ. ವಾಷಿಂಗ್ಟನ್ ರಾಜ್ಯದಲ್ಲಿ ಗ್ರೀನ್ ಕಾರ್ಡ್ ಇಲ್ಲದ ವಿದೇಶಿಗರಿಗೆ ಸಾಮಾನ್ಯವಾಗಿ ಪ್ರತ್ಯೇಕ ಬಂದೂಕು ಲೈಸೆನ್ಸ್ ಬೇಕು. ವರ್ಜೀನಿಯಾದಲ್ಲಿ 20ಕ್ಕಿಂತ ಹೆಚ್ಚು ಗುಂಡಿನ ಮ್ಯಾಗಜಿನ್ ಇರುವ, ಮಡಚುವ ಸ್ಟಾಕ್ ಇರುವ ಅಥವಾ ಸೈಲೆನ್ಸರ್ ಕೂರುವಂತೆ ಮಾಡಿದ ಸೆಮಿ-ಆಟೊಮ್ಯಾಟಿಕ್ ಸೆಂಟರ್‌ಫೈರ್ ಬಂದೂಕನ್ನು ಪ್ರಜೆಗಳು, ಗ್ರೀನ್ ಕಾರ್ಡ್‌ದಾರರು ಬಿಟ್ಟು ಬೇರೆ ಯಾರೂ ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಇರುವವರು ಬಹುಮಟ್ಟಿಗೆ ಪ್ರಜೆಗಳಂತೆಯೇ ಕೊಳ್ಳಬಹುದು. ಫಾರ್ಮ್ 4473ರಲ್ಲಿ ಏಲಿಯನ್ ಸಂಖ್ಯೆ (ವಲಸೆ ಇಲಾಖೆ ಕೊಡುವ ಗುರುತಿನ ಸಂಖ್ಯೆ) ಬರೆಯಬೇಕು, ಬಿಟ್ಟರೆ ಪರಿಶೀಲನೆ ತಡವಾಗುತ್ತದೆ.

ಕೆಲಸ ಬದಲಿಸಿ ರಾಜ್ಯ ಬದಲಿಸುವವರಿಗೆ ಹೆಚ್ಚಿನ ಎಚ್ಚರ ಬೇಕು. ಟೆಕ್ಸಾಸಿನಲ್ಲಿ ಕಾನೂನಾಗಿ ಕೊಂಡ ಎಆರ್-15ನ್ನು ನ್ಯೂಜೆರ್ಸಿಯ ಮನೆಗೆ ಸಾಮಾನಿನೊಂದಿಗೆ ಒಯ್ದರೆ, 10ಕ್ಕಿಂತ ದೊಡ್ಡ ಮ್ಯಾಗಜಿನ್ ಜೊತೆಗಿದ್ದರೆ, ಎರಡು ಬೇರೆ ಬೇರೆ ಅಪರಾಧ. ‘ಮೊದಲೇ ಇತ್ತು’ ಎಂಬ ರಿಯಾಯಿತಿ ಅಲ್ಲಿ ಹೊಸದಾಗಿ ಬಂದವರಿಗಿಲ್ಲ. ಕ್ಯಾಲಿಫೋರ್ನಿಯಾಕ್ಕೆ ಹೋದರೆ ಕಾನೂನಿಗೆ ಒಪ್ಪುವ ಬಂದೂಕುಗಳನ್ನು 60 ದಿನದೊಳಗೆ ರಾಜ್ಯದ ನ್ಯಾಯ ಇಲಾಖೆಗೆ ವರದಿ ಮಾಡಬೇಕು, ಒಪ್ಪದವು ಗಡಿ ದಾಟಲೇಬಾರದು. ಹೊರಡುವ ಮೊದಲೇ ಹಳೆಯ ರಾಜ್ಯದ ಲೈಸೆನ್ಸ್ ಇರುವ ವ್ಯಾಪಾರಿಗೆ ಮಾರುವುದು ಸುಲಭದ ದಾರಿ.

ನಡುವಿನ ರಾಜ್ಯವನ್ನು ಕಾರಿನಲ್ಲಿ ದಾಟುವವರಿಗೆ 1986ರ ಫೆಡರಲ್ ರಕ್ಷಣೆ ಇದೆ: ಹೊರಟ ಜಾಗದಲ್ಲೂ ಸೇರುವ ಜಾಗದಲ್ಲೂ ಬಂದೂಕು ಕಾನೂನುಬದ್ಧವಾಗಿರಬೇಕು, ಗುಂಡು ತುಂಬಿರಬಾರದು, ಬಂದೂಕೂ ಗುಂಡೂ ಪ್ರಯಾಣಿಕರ ಕೈಗೆ ಎಟುಕಬಾರದು. ಡಿಕ್ಕಿ ಇಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಕಾರಿನ ಗ್ಲೋವ್ ಬಾಕ್ಸ್ ಆ ಪೆಟ್ಟಿಗೆಯಾಗುವುದಿಲ್ಲ. ಈ ರಕ್ಷಣೆ ಪ್ರಯಾಣಕ್ಕೆ ಮಾತ್ರ. ದಾರಿಯಲ್ಲಿ ನ್ಯೂಜೆರ್ಸಿಯ ನೆಂಟರ ಮನೆಯಲ್ಲಿ ವಾರಾಂತ್ಯ ಕಳೆದು ಮುಂದೆ ಹೋಗುತ್ತೇನೆ ಎಂದರೆ ಅದು ಪ್ರಯಾಣವಾಗಿ ಉಳಿಯುವುದಿಲ್ಲ, ಆ ರಾಜ್ಯದ ಕಾನೂನು ಪೂರ್ತಿಯಾಗಿ ಅನ್ವಯಿಸುತ್ತದೆ.